ಹಳೇ ವಾಚು ಕಟ್ಟಿಕೊಂಡು ಓಡಿದರೆ ಹೃದಯಕ್ಕೆ ಅಪಾಯವೇ?

‘ನಲವತ್ತು ದಾಟಿದವರು ಹಾರ್ಟ್ ರೇಟ್ ತೋರಿಸದ ವಾಚು ಕಟ್ಟಿಕೊಂಡು ಓಡುವುದು ಪ್ರಾಣಕ್ಕೇ ಅಪಾಯ. ಈ ಪಟ್ಟಿ ಸೇವ್ ಮಾಡಿಟ್ಟುಕೊಳ್ಳಿ. ನಿಮ್ಮವರಿಗೆಲ್ಲ ಕಳಿಸಿ.’

ಇಂಥದ್ದೊಂದು ಫಾರ್ವರ್ಡ್ ಎರಡು ವರ್ಷದ ಹಿಂದೆ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಬಂತು. ಕೆಳಗೆ ಬಣ್ಣಬಣ್ಣದ ಪಟ್ಟಿ. ಒಂದು ಕಡೆ ವಯಸ್ಸು, ಇನ್ನೊಂದು ಕಡೆ ನಿಮಿಷಕ್ಕೆ ಎಷ್ಟು ಬಡಿತ. ಹಸಿರು ಅಂದರೆ ಕ್ಷೇಮ, ಕೆಂಪು ಅಂದರೆ ಅಪಾಯ. ಕಳಿಸಿದವಳು ನಾನಲ್ಲ. ಆದರೆ ಅದರ ಕೆಳಗೆ ‘ಮಾವ, ದಯವಿಟ್ಟು ಇದನ್ನ ನೋಡಿ’ ಎಂದು ಬರೆದವಳು ನಾನೇ.

ನನ್ನ ಸೋದರಮಾವ ಮೈಸೂರಿನಲ್ಲಿರುತ್ತಾರೆ. ಆಗ ಅವರಿಗೆ 58. ಬೆಳಿಗ್ಗೆ ಐದೂವರೆಗೆ ಎದ್ದು ಕುಕ್ಕರಹಳ್ಳಿ ಕೆರೆಯ ಸುತ್ತ ಓಡುವುದು ಅವರ ಹದಿನಾಲ್ಕು ವರ್ಷದ ಅಭ್ಯಾಸ. ಅಷ್ಟೂ ವರ್ಷ ಅವರ ಮಣಿಕಟ್ಟಿನ ಮೇಲಿದ್ದದ್ದು ಒಂದೇ ವಾಚು, ಕ್ಯಾಸಿಯೋ ಎಫ್-91ಡಬ್ಲ್ಯು. ಹೆಸರು ಗೊತ್ತಿಲ್ಲದಿದ್ದರೂ ನೋಡಿದರೆ ನಿಮಗೆ ಗುರುತು ಸಿಗುತ್ತದೆ: ಕಪ್ಪು ಪ್ಲಾಸ್ಟಿಕ್ಕಿನ ಚೌಕ ಮುಖ, ತೆಳು ಪಟ್ಟಿ, ಬೂದು ಪರದೆಯ ಮೇಲೆ ಕಪ್ಪು ಅಂಕಿ. 1989ರಲ್ಲಿ ಬಂದ ಮಾದರಿ, ಇವತ್ತಿಗೂ ಮಾರಾಟದಲ್ಲಿದೆ. ತೂಕ 21 ಗ್ರಾಂ. ‘ಸ್ಕೂಲ್ ಮಕ್ಕಳ ವಾಚು’ ಎಂದು ನಾವೆಲ್ಲ ರೇಗಿಸುತ್ತಿದ್ದೆವು.

ಫಾರ್ವರ್ಡ್ ನೋಡಿ ಗಾಬರಿಯಾಗಿ, ಅಕ್ಕ ತಂಗಿಯರೆಲ್ಲ ದುಡ್ಡು ಹಾಕಿ ಅವರಿಗೊಂದು ಸ್ಮಾರ್ಟ್‌ವಾಚ್ ಕೊಡಿಸಿದೆವು. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ‘ವ್ಯಾಯಾಮ’ ಮತ್ತು ‘ಹೃದಯ’ ಎಂಬ ಎರಡು ಪದ ಒಟ್ಟಿಗೆ ಕಂಡರೆ ಸಾಕು, ನಮ್ಮ ಮನೆಗಳಲ್ಲಿ ಹುಟ್ಟುವ ಭಯ ನಿಮಗೂ ಗೊತ್ತಿರುತ್ತದೆ. ಮಾವ ಒಲ್ಲದ ಮನಸ್ಸಿನಿಂದಲೇ ಹಳೇದನ್ನು ಬಿಚ್ಚಿಟ್ಟು ಹೊಸದನ್ನು ಕಟ್ಟಿಕೊಂಡರು. ಮುಂದೇನಾಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ಹಳೇ ವಾಚಿನ ಮೇಲಿರುವ ಆರೋಪಗಳನ್ನು ನೋಡೋಣ.

ಹಳೇ ವಾಚು ತಪ್ಪು ಟೈಮ್ ತೋರಿಸುತ್ತದೆಯೇ?

ಇಂಥ ವಾಚಿನ ಒಳಗೆ ಶ್ರುತಿಕವೆಯ ಆಕಾರದ ಒಂದು ಪುಟ್ಟ ಸ್ಫಟಿಕದ ತುಣುಕು ಇರುತ್ತದೆ. ಇದೇ ಕ್ವಾರ್ಟ್ಜ್. ಬ್ಯಾಟರಿಯ ವಿದ್ಯುತ್ ತಾಗಿದಾಗ ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ವಿಚಿತ್ರ ಸಂಖ್ಯೆಗೊಂದು ಕಾರಣವಿದೆ. ಅದನ್ನು ಸತತವಾಗಿ 15 ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ 1 ಉಳಿಯುತ್ತದೆ. ಅದೇ ಒಂದು ಸೆಕೆಂಡು. ಎಣಿಸಿ ಅರ್ಧ ಮಾಡುವುದಷ್ಟೇ ಒಳಗಿನ ಚಿಪ್ಪಿನ ಕೆಲಸ.

ಎಫ್-91ಡಬ್ಲ್ಯು ತಿಂಗಳಿಗೆ 30 ಸೆಕೆಂಡಿನವರೆಗೆ ಹಿಂದೆ ಮುಂದೆ ಆಗಬಹುದು ಎಂದು ತಯಾರಕರೇ ಹೇಳುತ್ತಾರೆ. ಕೇಳಿದರೆ ಜಾಸ್ತಿ ಅನಿಸುತ್ತದೆ. ಲೆಕ್ಕ ಹಾಕಿ ನೋಡಿ: ದಿನಕ್ಕೆ ಒಂದು ಸೆಕೆಂಡು. ಅಂದರೆ ಒಂದು ಗಂಟೆಯ ಓಟಕ್ಕೆ ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗ. ನೀವು ಗುಂಡಿ ಒತ್ತುವುದರಲ್ಲಿ ಆಗುವ ತಡವೇ ಇದಕ್ಕಿಂತ ಎಷ್ಟೋ ಹೆಚ್ಚು. ಓಟದ ಸಮಯ ಅಳೆಯುವ ಮಟ್ಟಿಗೆ ಹದಿನಾಲ್ಕು ವರ್ಷದ ಹಳೇ ವಾಚಿಗೂ ನಿನ್ನೆ ಕೊಂಡ ವಾಚಿಗೂ ವ್ಯತ್ಯಾಸವಿಲ್ಲ.

ಒಂದು ತಮಾಷೆಯ ಕೊರತೆ ಮಾತ್ರ ಇದೆ. ಇದರ ಸ್ಟಾಪ್‌ವಾಚ್ 59 ನಿಮಿಷ 59 ಸೆಕೆಂಡಿನವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. ಮಾವ ಹಾಫ್ ಮ್ಯಾರಥಾನ್ ಓಡಿದಾಗೆಲ್ಲ ‘ಎರಡು ಸಲ ಸೊನ್ನೆ ಆಯ್ತು, ಮೇಲೆ ಹನ್ನೊಂದು ನಿಮಿಷ’ ಎಂದೇ ಹೇಳುತ್ತಿದ್ದರು.

‘ಹಳೇ ವಾಚಲ್ಲಿ ರೇಡಿಯಂ ಇರತ್ತೆ, ಕ್ಯಾನ್ಸರ್ ಬರತ್ತೆ’ ಎಂಬ ಇನ್ನೊಂದು ಸಂದೇಶವೂ ಓಡಾಡುತ್ತದೆ. ಕತ್ತಲಲ್ಲಿ ಹೊಳೆಯುವುದನ್ನೆಲ್ಲ ನಾವು ರೇಡಿಯಂ ಅನ್ನುತ್ತೇವೆ, ಗಾಡಿಯ ಸ್ಟಿಕ್ಕರನ್ನೂ ಸೇರಿಸಿ. ನಿಜವಾದ ರೇಡಿಯಂ ಬಣ್ಣ ಬಳಿದ ಮುಳ್ಳುಗಳಿದ್ದದ್ದು ಕಳೆದ ಶತಮಾನದ ಮಧ್ಯಭಾಗದವರೆಗಿನ ವಾಚುಗಳಲ್ಲಿ. ಕ್ಯಾಸಿಯೋದ ಈ ವಾಚಿನಲ್ಲಿ ಇರುವುದು ಗುಂಡಿ ಒತ್ತಿದರೆ ಹತ್ತುವ ಪುಟ್ಟ ಹಸಿರು ಎಲ್‌ಇಡಿ.

ಜಿಪಿಎಸ್ ವಾಚು ಹೇಳಿದ ದೂರವೇ ಸರಿಯೇ?

ಓಟದ ಸ್ಪರ್ಧೆ ಮುಗಿದ ಸಂಜೆ ಓಟಗಾರರ ಗುಂಪುಗಳಲ್ಲಿ ತಪ್ಪದೆ ಬರುವ ದೂರು ಒಂದಿದೆ: ‘ನನ್ನ ವಾಚಲ್ಲಿ 10.3 ಕಿ.ಮೀ. ಬಂತು. ಆಯೋಜಕರು ಅಳತೆ ತಪ್ಪಿದ್ದಾರೆ.’

ಸಾಮಾನ್ಯವಾಗಿ ತಪ್ಪಿರುವುದು ಆಯೋಜಕರಲ್ಲ. ಅಧಿಕೃತವಾಗಿ ಅಳೆಯುವ ರಸ್ತೆ ಓಟದ ದಾರಿಯನ್ನು ಅಳೆಯುವುದು ಇವತ್ತಿಗೂ ಸೈಕಲ್ಲಿನಲ್ಲಿ. ಚಕ್ರದ ಸುತ್ತುಗಳನ್ನು ಎಣಿಸುವ ಸಾಧನವೊಂದನ್ನು ಮುಂದಿನ ಚಕ್ರಕ್ಕೆ ಜೋಡಿಸಿ, ಗೊತ್ತಿರುವ ಉದ್ದದ ಮೇಲೆ ಓಡಿಸಿ ಹೊಂದಿಸಿಕೊಂಡು, ಆಮೇಲೆ ಓಟಗಾರ ಓಡಬಹುದಾದ ಅತಿ ಹತ್ತಿರದ ದಾರಿಯನ್ನು ಹಿಡಿದು ಅಳೆಯುತ್ತಾರೆ. ಎಲ್ಲೂ ಕಡಿಮೆ ಬೀಳದಿರಲೆಂದು ಸಾವಿರಕ್ಕೆ ಒಂದರಷ್ಟು ಸೇರಿಸುತ್ತಾರೆ. 42.195 ಕಿ.ಮೀ. ಮ್ಯಾರಥಾನಿಗೆ ಅದು ಸುಮಾರು 42 ಮೀಟರ್. ನಾವು ನೀವು ಓಡುವಾಗ ಆ ಹತ್ತಿರದ ಗೆರೆ ಹಿಡಿದು ಓಡುವುದಿಲ್ಲ. ನೀರಿನ ಟೇಬಲ್ಲಿಗೆ ಸರಿಯುತ್ತೇವೆ, ಮುಂದಿನವರನ್ನು ಬಳಸಿ ಹೋಗುತ್ತೇವೆ, ತಿರುವಿನಲ್ಲಿ ಹೊರಗೆ ಸಾಗುತ್ತೇವೆ.

ಇದರ ಮೇಲೆ ವಾಚಿನ ಪಾಲಿನ ತಪ್ಪು. ಉಪಗ್ರಹದಿಂದ ರೇಡಿಯೊ ಸಂಕೇತ ಬರಲು ಹಿಡಿದ ಕಾಲವನ್ನು ಅಳೆದು ಜಿಪಿಎಸ್ ದೂರ ತಿಳಿಯುತ್ತದೆ. ಸಂಕೇತ ಚಲಿಸುವುದು ಬೆಳಕಿನ ವೇಗದಲ್ಲಿ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೆ 300 ಮೀಟರ್ ತಪ್ಪಿದಂತೆ. ಹೀಗಾಗಿ ಉಪಗ್ರಹಗಳಲ್ಲಿ ಪರಮಾಣು ಗಡಿಯಾರ ಇಟ್ಟಿದ್ದಾರೆ. ಅಷ್ಟಾದರೂ ಸಂಕೇತ ಎತ್ತರದ ಕಟ್ಟಡಕ್ಕೆ ಬಡಿದು ತಿರುಗಿ ಬಂದರೆ, ದಟ್ಟ ಮರದ ಕೆಳಗೆ ಮಂಕಾದರೆ, ವಾಚು ನಿಮ್ಮನ್ನು ಕೆಲವು ಮೀಟರ್ ಆಚೆ ಈಚೆ ಇಡುತ್ತದೆ. ಆ ಚುಕ್ಕೆಗಳನ್ನು ಸೇರಿಸಿದರೆ ನೀವು ಓಡದ ಅಂಕುಡೊಂಕು ದಾರಿಯೊಂದು ಮೂಡುತ್ತದೆ.

ಜಿಪಿಎಸ್ ವಾಚುಗಳಿಗೂ ಮುಪ್ಪು ಬರುತ್ತದೆ, ಅದು ಬರುವ ರೀತಿ ಮಾತ್ರ ಬೇರೆ. ಜಿಪಿಎಸ್ ವ್ಯವಸ್ಥೆ ವಾರಗಳನ್ನು 0ರಿಂದ 1023ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಹೋಗುತ್ತದೆ, ಥೇಟ್ ಮಾವನ ಸ್ಟಾಪ್‌ವಾಚಿನ ಹಾಗೆ. 2019ರ ಏಪ್ರಿಲ್ 6ರ ರಾತ್ರಿ ಹಾಗಾಯಿತು. ತಂತ್ರಾಂಶ ಸರಿಪಡಿಸದ ಹಳೇ ಜಿಪಿಎಸ್ ಸಾಧನಗಳಿಗೆ ಇದರಿಂದ ಸುಮಾರು ಇಪ್ಪತ್ತು ವರ್ಷ ಹಿಂದಿನ ದಿನಾಂಕ ತೋರಿಸುವ ಕಾಯಿಲೆ ಅಂಟಿಕೊಳ್ಳುತ್ತದೆ. ನಿಮ್ಮ ಹಳೇ ಜಿಪಿಎಸ್ ವಾಚು ಎಂದೋ ಕಳೆದ ವರ್ಷದಲ್ಲಿ ಬದುಕುತ್ತಿದ್ದರೆ ಕಾರಣ ಇದಿರಬಹುದು. ಓಡಿದ ಸಮಯವನ್ನು ಮಾತ್ರ ಅದು ಸರಿಯಾಗಿಯೇ ಹೇಳುತ್ತಿರುತ್ತದೆ.

ಆ ಹಸಿರು ಬೆಳಕು ಹೃದಯವನ್ನು ನೋಡುವುದಿಲ್ಲ

ಸ್ಮಾರ್ಟ್‌ವಾಚಿನ ಬೆನ್ನಿನಲ್ಲಿ ಮಿನುಗುವ ಹಸಿರು ದೀಪ ನೋಡಿದ್ದೀರಲ್ಲ? ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಮಣಿಕಟ್ಟಿನ ಸಣ್ಣ ರಕ್ತನಾಳಗಳಲ್ಲಿ ರಕ್ತ ತುಸು ಹೆಚ್ಚುತ್ತದೆ, ಮರಳಿ ಬರುವ ಬೆಳಕು ತುಸು ಕಡಿಮೆಯಾಗುತ್ತದೆ. ಆ ಏರಿಳಿತವನ್ನು ಎಣಿಸುವುದೇ ಹಾರ್ಟ್ ರೇಟ್. ಅಂದರೆ ವಾಚು ನೋಡುತ್ತಿರುವುದು ಮಣಿಕಟ್ಟಿನ ಚರ್ಮದ ಕೆಳಗಿನ ರಕ್ತವನ್ನು.

ಸುಮ್ಮನೆ ಕೂತಾಗ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಓಡುವಾಗ ಕೈ ಅಲುಗುತ್ತದೆ, ಬೆವರು ಸುರಿಯುತ್ತದೆ, ಸಡಿಲ ಪಟ್ಟಿಯ ಸಂದಿಯಿಂದ ಹೊರಗಿನ ಬೆಳಕು ನುಗ್ಗುತ್ತದೆ. ಓಟದ ಹೆಜ್ಜೆ ನಿಮಿಷಕ್ಕೆ ಸಾಮಾನ್ಯವಾಗಿ 160–180 ಇರುತ್ತದೆ. ಕೆಲವೊಮ್ಮೆ ವಾಚು ಆ ಹೆಜ್ಜೆಯ ಕುಲುಕಾಟವನ್ನೇ ಬಡಿತ ಎಂದು ಎಣಿಸಿಬಿಡುತ್ತದೆ. ಆರಾಮಾಗಿ ಓಡುತ್ತಿದ್ದರೂ ಇದ್ದಕ್ಕಿದ್ದಂತೆ 172 ಕಂಡು ಹೆದರಿದವರು ಒಮ್ಮೆ ನಿಂತು, ಕುತ್ತಿಗೆಯ ಪಕ್ಕ ಬೆರಳಿಟ್ಟು 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ ನೋಡಿ. ಇದಕ್ಕೆ ಬೇಕಾದ ಸೆಕೆಂಡು ಎಣಿಸುವ ಕೆಲಸವನ್ನು ಎಫ್-91ಡಬ್ಲ್ಯು ಕೂಡ ಮಾಡುತ್ತದೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಕೈಗೆ ಕಟ್ಟುವ ಏಳು ಸಾಧನಗಳನ್ನು 60 ಜನರ ಮೇಲೆ ಪರೀಕ್ಷಿಸಿತು. ಹೃದಯ ಬಡಿತದಲ್ಲಿ ಏಳರಲ್ಲಿ ಆರು ಸಾಧನಗಳ ತಪ್ಪು ಶೇ 5ಕ್ಕಿಂತ ಕಡಿಮೆ ಇತ್ತು. ಅದು ಒಳ್ಳೆಯ ಫಲಿತಾಂಶವೇ. ಆದರೆ ಕ್ಯಾಲೊರಿ ಲೆಕ್ಕದಲ್ಲಿ ಅತ್ಯುತ್ತಮ ಸಾಧನವೇ ಸರಾಸರಿ ಶೇ 27 ತಪ್ಪಿತು, ಅತಿ ಕಳಪೆಯದು ಶೇ 93. ‘300 ಕ್ಯಾಲೊರಿ ಸುಟ್ಟೆ’ ಎಂದು ವಾಚು ಹೇಳಿತೆಂದು ಇನ್ನೊಂದು ಮಸಾಲೆ ದೋಸೆ ಹೇಳುವ ಮೊದಲು ಇದು ನೆನಪಿರಲಿ. (ದೋಸೆ ತಿನ್ನಬೇಡಿ ಎನ್ನುತ್ತಿಲ್ಲ. ವಾಚಿನ ಮೇಲೆ ಹಾಕಿ ತಿನ್ನಬೇಡಿ, ಅಷ್ಟೆ.)

ಇನ್ನು ಆ ಬಣ್ಣದ ಪಟ್ಟಿ. ಅದರ ಮೂಲ ‘220ರಿಂದ ನಿಮ್ಮ ವಯಸ್ಸು ಕಳೆಯಿರಿ, ಅದೇ ನಿಮ್ಮ ಹೃದಯದ ಗರಿಷ್ಠ ಬಡಿತ’ ಎಂಬ ಸೂತ್ರ. 1970ರ ದಶಕದ ಆರಂಭದಲ್ಲಿ ಅಲ್ಲಿ ಇಲ್ಲಿ ಪ್ರಕಟವಾಗಿದ್ದ ಅಂಕಿಗಳನ್ನು ಒಟ್ಟುಗೂಡಿಸಿ, ನಡುವೆ ಅಂದಾಜಿಗೆ ಎಳೆದ ಗೆರೆಯಿಂದ ಅದು ಹುಟ್ಟಿತು. 2001ರಲ್ಲಿ ಬೇರೆ ಸಂಶೋಧಕರು 208ರಿಂದ ವಯಸ್ಸಿನ ಶೇ 70 ಕಳೆಯುವ ಸೂತ್ರ ಕೊಟ್ಟರು. 58ರ ಮಾವನಿಗೆ ಮೊದಲಿನದು 162 ಎನ್ನುತ್ತದೆ, ಎರಡನೆಯದು 167. ಎರಡೂ ಸರಾಸರಿ ಮಾತ್ರ. ಒಂದೇ ವಯಸ್ಸಿನ ಆರೋಗ್ಯವಂತರ ನಡುವೆಯೇ ಹತ್ತು, ಹನ್ನೆರಡು, ಕೆಲವೊಮ್ಮೆ ಇಪ್ಪತ್ತು ಬಡಿತದ ವ್ಯತ್ಯಾಸ ಇರುವುದು ಮಾಮೂಲು. ಸರಾಸರಿ ಚಪ್ಪಲಿ ಅಳತೆ ಎಂಟು ಅಂತ ಊರಿಗೆಲ್ಲ ಎಂಟರ ಚಪ್ಪಲಿ ಹಂಚಿದ ಹಾಗೆ.

ಆವತ್ತು ಬೆಳಿಗ್ಗೆ

ಹೊಸ ವಾಚು ಕಟ್ಟಿಕೊಂಡ ನಾಲ್ಕನೇ ತಿಂಗಳು. ಓಡುತ್ತಿದ್ದಾಗ ಮಾವನಿಗೆ ಎದೆಯ ನಡುವೆ ಯಾರೋ ಅಂಗೈ ಇಟ್ಟು ಒತ್ತಿದಂತಾಯಿತು. ನೋವಲ್ಲ, ಭಾರ. ಎಡ ದವಡೆಯಲ್ಲಿ ಜೋಮು. ಅವರು ವಾಚು ನೋಡಿದರು: 121. ನಾನು ಓದಲು ಹೇಳಿದ್ದ ಪಟ್ಟಿಯಲ್ಲಿ 58 ವರ್ಷಕ್ಕೆ 97ರಿಂದ 138 ಹಸಿರು. ‘ಗ್ಯಾಸ್ ಇರಬೇಕು, ಹಾರ್ಟ್ ಸರಿ ಇದೆಯಲ್ಲ’ ಎಂದುಕೊಂಡು ಇನ್ನೂ ಹತ್ತು ನಿಮಿಷ ಓಡಿದರು.

ಮನೆಗೆ ಬಂದಾಗ ಅವರ ಬೆವರು ನೋಡಿದ ಅತ್ತೆ ಒಂದು ಮಾತೂ ಕೇಳದೆ ಆಟೋ ಹತ್ತಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದರು. ಒಂದು ರಕ್ತನಾಳ ಬಹುತೇಕ ಮುಚ್ಚಿತ್ತು. ಅದೇ ದಿನ ಸ್ಟೆಂಟ್ ಹಾಕಿದರು. ಮಾವ ಉಳಿದರು.

ಹೃದಯಾಘಾತ ಎಂದರೆ ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ಅದು ನಡೆಯುತ್ತಿರುವಾಗಲೂ ಬಡಿತದ ಸಂಖ್ಯೆ ಪೂರ್ತಿ ಮಾಮೂಲಾಗಿರಬಹುದು. ಮಣಿಕಟ್ಟಿನ ಬೆಳಕಿಗೆ ಆ ನಾಳ ಕಾಣುವುದಿಲ್ಲ. ಈಗಿನ ಕೆಲವು ವಾಚುಗಳಲ್ಲಿ ಇಸಿಜಿ ಸೌಲಭ್ಯವೂ ಇದೆ. ಅದು ಬಡಿತದ ಲಯ ತಪ್ಪುವ ಒಂದು ಬಗೆಯ ತೊಂದರೆಯನ್ನು ಗುರುತಿಸಬಲ್ಲದು, ಉಪಯುಕ್ತವೂ ಹೌದು. ಆದರೆ ಆಸ್ಪತ್ರೆಯ ಇಸಿಜಿ ಹೃದಯವನ್ನು 12 ಕೋನಗಳಿಂದ ನೋಡಿದರೆ ವಾಚು ನೋಡುವುದು ಒಂದರಿಂದ. ಆಪಲ್ ಕಂಪನಿಯೇ ತನ್ನ ವಾಚು ಹೃದಯಾಘಾತವನ್ನು ಪತ್ತೆ ಮಾಡಲಾರದು ಎಂದು ಬರೆದುಕೊಂಡಿದೆ.

ಎದೆಯಲ್ಲಿ ಒತ್ತಡ, ಬಿಗಿತ ಅಥವಾ ಭಾರ. ತೋಳು, ದವಡೆ, ಕುತ್ತಿಗೆ, ಬೆನ್ನಿಗೆ ಹರಡುವ ನೋವು. ಕಾರಣವಿಲ್ಲದ ತಣ್ಣನೆ ಬೆವರು, ಉಸಿರು ಸಾಲದಿರುವುದು, ವಾಕರಿಕೆ. ಇವುಗಳಲ್ಲಿ ಯಾವುದಾದರೂ ಬಂದರೆ ವಾಚು ನೋಡಬೇಡಿ, ನಿಲ್ಲಿ. 108ಕ್ಕೆ ಕರೆ ಮಾಡಿ. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಉಬ್ಬಸದ ರೂಪದಲ್ಲೂ ಬರಬಹುದು. ಈ ಲೇಖನದಲ್ಲಿ ಯಾವುದನ್ನಾದರೂ ಫಾರ್ವರ್ಡ್ ಮಾಡುವುದಿದ್ದರೆ ಈ ಪ್ಯಾರಾ ಮಾಡಿ.

‘ಹಳೇ ವಾಚು ಇದ್ದಿದ್ರೆ ನಿಂತುಬಿಡ್ತಿದ್ದೆ’ ಎಂದು ಮಾವ ಈಗಲೂ ಹೇಳುತ್ತಾರೆ. ಅದು ನಿಜವೋ ಅಲ್ಲವೋ ಹೇಳಲು ಯಾರಿಂದಲೂ ಆಗದು. ಹಳೇ ವಾಚು ಕಟ್ಟಿಕೊಂಡೇ ‘ಗ್ಯಾಸ್’ ಎಂದು ನಿರ್ಲಕ್ಷಿಸಿದವರೂ ಬೇಕಾದಷ್ಟಿದ್ದಾರೆ. ನನಗೆ ಕೊರೆಯುವುದು ಆ ಹತ್ತು ನಿಮಿಷ. ಮೈ ಒಂದು ಹೇಳುತ್ತಿತ್ತು, ನಾವು ಕೊಟ್ಟ ಪಟ್ಟಿ ಇನ್ನೊಂದು ಹೇಳುತ್ತಿತ್ತು, ಅವರು ಪಟ್ಟಿಯನ್ನು ನಂಬಿದರು.

ಹಾಗಾದರೆ ಹಳೇ ವಾಚಿನ ಮೋಹ ಬರೀ ಭಾವುಕತೆಯೇ?

ಸ್ವಲ್ಪ ಹೌದು. ಡೇನಿಯಲ್ ಕಾಹ್ನೆಮನ್, ರಿಚರ್ಡ್ ಥೇಲರ್ ಮತ್ತು ಜೊತೆಗಾರರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ಕಾಫಿ ಮಗ್ ಕೊಟ್ಟು ‘ಎಷ್ಟಕ್ಕೆ ಮಾರುತ್ತೀರಿ’ ಎಂದು ಕೇಳಿದರು, ಇನ್ನು ಕೆಲವರಿಗೆ ‘ಎಷ್ಟಕ್ಕೆ ಕೊಳ್ಳುತ್ತೀರಿ’ ಎಂದು. ಮಾರುವವರು ಕೇಳಿದ್ದು ಸುಮಾರು 7 ಡಾಲರ್. ಕೊಳ್ಳುವವರು ಕೊಡಲು ಒಪ್ಪಿದ್ದು ಹೆಚ್ಚುಕಮ್ಮಿ 3. ಮಗ್ ಅದೇ. ‘ನನ್ನದು’ ಆದ ಕೆಲವೇ ನಿಮಿಷಗಳಲ್ಲಿ ಬೆಲೆ ಎರಡು ಪಟ್ಟಿಗಿಂತ ಹೆಚ್ಚಾಗಿತ್ತು. ಹದಿನಾಲ್ಕು ವರ್ಷ ಬೆವರು ಕುಡಿದ ವಾಚಿನ ಬೆಲೆ ಎಷ್ಟಾಗಿರಬೇಕು! ಕರ್ನಾಟಕದ ಎಷ್ಟೋ ಮನೆಗಳ ಬೀರುವಿನಲ್ಲಿ ಇವತ್ತಿಗೂ ಅಜ್ಜನ ಎಚ್‌ಎಂಟಿ ವಾಚು ಇದೆ. 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ವಾಚು ಕಾರ್ಖಾನೆಯ ಕಂಪನಿಯನ್ನು ಮುಚ್ಚಲು 2016ರಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿತು. ಬೀರುವಿನಿಂದ ವಾಚು ಮಾತ್ರ ಕದಲಿಲ್ಲ.

ಆದರೆ ಓಟಗಾರರ ವಿಷಯದಲ್ಲಿ ಮೋಹದ ಹಿಂದೆ ಒಂದು ಗಟ್ಟಿ ಕಾರಣವೂ ಇದೆ. ಒಂದೇ ಸಾಧನ ಮಾಡುವ ತಪ್ಪು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಹಾಗಾಗಿ ಅದೇ ದಾರಿ, ಅದೇ ವಾಚು ಇದ್ದರೆ ಹೋದ ವರ್ಷದ ನಿಮ್ಮನ್ನು ಈ ವರ್ಷದ ನಿಮ್ಮೊಂದಿಗೆ ಹೋಲಿಸಬಹುದು. ಸಾಧನ ಬದಲಾದ ದಿನ ಬದಲಾದದ್ದು ನೀವೋ ವಾಚೋ ತಿಳಿಯುವುದಿಲ್ಲ. ಮಾವನ ಬಳಿ ಹದಿನಾಲ್ಕು ವರ್ಷದ ಡೈರಿಗಳಿವೆ. ಆಸ್ಪತ್ರೆಯಿಂದ ಬಂದ ಮೇಲೆ ತಿರುವಿ ನೋಡಿದರೆ, ಹೊಸ ವಾಚಿಗೂ ಮೊದಲಿನ ಎರಡು ತಿಂಗಳಲ್ಲೇ ಅದೇ ಸುತ್ತಿಗೆ ಎರಡು ಎರಡೂವರೆ ನಿಮಿಷ ಹೆಚ್ಚು ಹಿಡಿದಿತ್ತು. ಅದು ಸೂಚನೆಯಾಗಿತ್ತೋ, ಬರೀ ಬೇಸಿಗೆಯೋ ಗೊತ್ತಿಲ್ಲ. ಆದರೆ ಆ ಪುಟದ ಹೊತ್ತಿಗೆ ನಾವು ಅವರಿಗೆ ವಾಚು ಬದಲಾಯಿಸಲು ಹೇಳುತ್ತಿದ್ದೆವು.

ಹೊಸ ಸಾಧನ ಬಂದರೆ ಆರೋಗ್ಯ ತಾನಾಗಿ ಬರುತ್ತದೆ ಎಂಬುದಕ್ಕೂ ಆಧಾರ ಗಟ್ಟಿಯಿಲ್ಲ. 2016ರಲ್ಲಿ ಪ್ರಕಟವಾದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ತೂಕ ಇಳಿಸಲು ಹೊರಟ 471 ಜನರ ಪೈಕಿ, ಸಾಧನ ಕಟ್ಟಿಕೊಂಡವರು ಎರಡು ವರ್ಷದಲ್ಲಿ ಸರಾಸರಿ 3.5 ಕೆ.ಜಿ. ಇಳಿದರು. ಕಟ್ಟಿಕೊಳ್ಳದವರು 5.9 ಕೆ.ಜಿ.

ಓಟಗಾರರಿಗೂ ಗಡಿಯಾರಕ್ಕೂ ನಂಟು ಸ್ಮಾರ್ಟ್‌ವಾಚಿಗಿಂತ ಬಹಳ ಹಳೆಯದು. ಫಿನ್‌ಲ್ಯಾಂಡಿನ ಪಾವೋ ನುರ್ಮಿ 1920ರ ದಶಕದಲ್ಲಿ ಸ್ಟಾಪ್‌ವಾಚನ್ನು ಅಂಗೈಯಲ್ಲೇ ಹಿಡಿದು ಓಡುತ್ತಿದ್ದರು. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಒಂದೇ ದಿನ, ಎರಡು ಗಂಟೆಯೊಳಗೆ, 1500 ಮೀಟರ್ ಮತ್ತು 5000 ಮೀಟರ್ ಎರಡರಲ್ಲೂ ಚಿನ್ನ ಗೆದ್ದರು. 1500ರ ಕೊನೆಯ ಸುತ್ತಿನ ಹೊತ್ತಿಗೆ ಕೈಲಿದ್ದ ಗಡಿಯಾರವನ್ನು ಹುಲ್ಲಿನ ಮೇಲೆ ಎಸೆದು ಓಡಿದ್ದು ಪ್ರಸಿದ್ಧ ಪ್ರಸಂಗ. ತಂತಿಯಿಲ್ಲದೆ ಹೃದಯ ಬಡಿತ ತೋರಿಸುವ ವಾಚು ಬಂದದ್ದೂ ಅದೇ ದೇಶದಿಂದಲೇ, 1982ರಲ್ಲಿ, ಪೋಲಾರ್ ಕಂಪನಿಯಿಂದ.

ಯಾವಾಗ ಹಳೇ ವಾಚು ಬಿಡಬೇಕು?

ಚಾರ್ಜ್ ಮಾಡುವ ವಾಚಾದರೆ, ಬ್ಯಾಟರಿ ಉಬ್ಬಿ ಪರದೆ ಅಥವಾ ಬೆನ್ನು ಮೇಲೆದ್ದರೆ ಆ ಕ್ಷಣವೇ. ಲಿಥಿಯಂ ಬ್ಯಾಟರಿ ಉಬ್ಬಿದ ಮೇಲೆ ಒತ್ತಿ ಕೂರಿಸುವುದು, ಮತ್ತೆ ಚಾರ್ಜಿಗಿಡುವುದು ಬೆಂಕಿಗೆ ಆಹ್ವಾನ. ಬರೀ ಬೇಗ ಖಾಲಿಯಾಗುತ್ತಿದ್ದರೆ ಹೆದರಬೇಕಿಲ್ಲ, ಕೆಲವು ನೂರು ಸಲ ಚಾರ್ಜ್ ಆದ ಬ್ಯಾಟರಿಯ ಲಕ್ಷಣ ಅದು.

‘ವಾಟರ್ ರೆಸಿಸ್ಟ್ 30 ಮೀಟರ್’ ಎಂದರೆ 30 ಮೀಟರ್ ಆಳ ಮುಳುಗಬಹುದು ಎಂದಲ್ಲ. ಕೈ ತೊಳೆಯುವ ನೀರು, ಮಳೆ ಹನಿ ತಡೆಯುತ್ತದೆ ಎಂದಷ್ಟೇ. ನೀರು ತಡೆಯುವುದು ಒಳಗಿನ ರಬ್ಬರ್ ಬಳೆ, ಅದು ವರ್ಷಗಳು ಕಳೆದಂತೆ ಗಡುಸಾಗುತ್ತದೆ. ಹಾಗಾಗಿ ಸೆಲ್ ಬದಲಾಯಿಸುವಾಗ ಆ ಬಳೆಯನ್ನೂ ನೋಡಲು ವಾಚು ರಿಪೇರಿಯವರಿಗೆ ಹೇಳಿ. ಎಫ್-91ಡಬ್ಲ್ಯುಗೆ ಹಾಕುವ ಸಿಆರ್2016 ಸೆಲ್ ಏಳು ವರ್ಷ ಬರುತ್ತದೆ, ಮಾವ ಈವರೆಗೆ ಹಾಕಿಸಿರುವುದು ಎರಡು. ಪಟ್ಟಿಯ ಕೆಳಗೆ ತುರಿಕೆ ಬಂದರೆ ವಾಚಿನ ಮೇಲೆ ಅನುಮಾನ ಪಡುವ ಮೊದಲು ಪಟ್ಟಿಯನ್ನು ಸೋಪಿನಲ್ಲಿ ತೊಳೆದು ಒಣಗಿಸಿ.

ಮಾವನಿಗೆ ಈಗ ಬೀಟಾ ಬ್ಲಾಕರ್ ಮಾತ್ರೆ ಇದೆ. ಅದು ಬಡಿತವನ್ನೇ ತಗ್ಗಿಸುತ್ತದೆ, ಹಾಗಾಗಿ 220ರ ಪಟ್ಟಿ ಅವರ ಪಾಲಿಗೆ ಅಂದಾಜಿಗೂ ಬಾರದು. ವೈದ್ಯರು ಹೇಳಿಕೊಟ್ಟದ್ದು ಬೇರೆ ಅಳತೆ: ಓಡುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಎರಡು ಪದಕ್ಕೊಮ್ಮೆ ಉಸಿರು ಎಳೆಯುವಂತಾದರೆ ನಡಿಗೆಗೆ ಇಳಿಯಬೇಕು. ಮೊದಮೊದಲು ನಡಿಗೆ, ಆಮೇಲೆ ನಡುನಡುವೆ ನಿಧಾನ ಓಟ, ಒಟ್ಟು 45 ನಿಮಿಷ. ಅತ್ತೆ ಜೊತೆಗೆ ಹೋಗುತ್ತಾರೆ, ಮಾತಾಡಿಸುವುದು ಅವರ ಕೆಲಸ. ಸ್ಮಾರ್ಟ್‌ವಾಚ್ ಈಗ ಅತ್ತೆಯ ಕೈಯಲ್ಲಿದೆ, ಫೋನ್ ಬಂದರೆ ನಡುಗುತ್ತದೆ ಎಂಬುದು ಅವರಿಗೆ ಇಷ್ಟ.

ಮಾವನ ಕೈಯಲ್ಲಿ ಅದೇ ಕಪ್ಪು ವಾಚು. 45 ನಿಮಿಷಕ್ಕೇ ನಿಲ್ಲಿಸುವುದರಿಂದ ಸ್ಟಾಪ್‌ವಾಚ್ ಈಗ ಸೊನ್ನೆಗೆ ಬರುವುದಿಲ್ಲ. ‘ಡಾಕ್ಟರು ಒಂದು ಗಂಟೆಗೆ ಬಿಟ್ಟ ದಿನ ಫೋನ್ ಮಾಡ್ತೀನಿ’ ಎಂದಿದ್ದಾರೆ.